ಕೊಟ್ಟೆ ಅನ್ನುವ ಮಾತು

ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೇರೆಯವರ ಮನೆಜಗಳ ಕೇಳುವುದೇ ಅವಳ ಕೆಲಸ. ಮನಶ್ಶಾಸ್ತ್ರ ವಿಭಾಗದವರು ಗಂಡಹೆಂಡಿರನ್ನು ಒಂದು ಕೋಣೆಯಲ್ಲಿ ಎದುರುಬದುರು ಕೂರಿಸಿ, ಬಗೆಹರಿಯದ ವಿಷಯ ಯಾವುದಾದರೂ ಮಾತಾಡಿ ಎಂದು ಹೇಳಿ ರೆಕಾರ್ಡ್ ಮಾಡುತ್ತಿದ್ದರು. ನಿನಗಾಗಿ ಇಂಥದ್ದು ಮಾಡಿದೆ ಎಂದು ಯಾರಾದರೂ ಎತ್ತಿ ಆಡಿದ ಕಡೆಯೆಲ್ಲ ಅವಳು ಗುರುತು ಹಾಕಬೇಕು. ಕೇಳಿ ಕೇಳಿ ಅವಳಿಗೊಂದು ಸುಳಿವು ಸಿಕ್ಕಿತ್ತು. 'ಕಾಫಿ ಮಾಡಿದೆ' ಅಂದರೆ ಬರೀ ಸುದ್ದಿ. 'ಕಾಫಿ ಮಾಡಿಕೊಟ್ಟೆ' ಅಂದರೆ ಒಳಗೆಲ್ಲೋ ಲೆಕ್ಕ ಶುರುವಾಗಿದೆ. ಕೊಟ್ಟೆ ಕೊಟ್ಟೆ ಅನ್ನುತ್ತಿದ್ದ ಜೋಡಿಗಳು ಮರುವರ್ಷ ಬಂದಾಗ ಕುರ್ಚಿ ಹಿಂದಕ್ಕೆ ಎಳೆದುಕೊಂಡು ಕೂರುತ್ತಿದ್ದರು.

ಆ ಮಾತು ತನ್ನ ಬಾಯಿಂದ ಬರಕೂಡದು ಎಂದು ಅವಳು ಹಟ ಹಿಡಿದಿದ್ದಳು. ಬಂದೂ ಇರಲಿಲ್ಲ. ಅದರ ಬಗ್ಗೆ ಒಳಗೊಳಗೇ ಒಂದಿಷ್ಟು ಜಂಬವೂ ಇತ್ತು.

ಅವತ್ತು ಬೆಳಿಗ್ಗೆ ವಿಭಾಗದ ಮೇಡಂ ಕರೆದು, ಬೇರೆ ಊರಿನಲ್ಲಿ ಹೊಸ ಕೇಂದ್ರ ತೆರೆಯುತ್ತಿದ್ದೇವೆ, ನೀನೇ ನಡೆಸು, ಸಂಜೆಯೊಳಗೆ ಹೇಳು ಎಂದಿದ್ದರು. ಅವಳಿಗೆ ಹೋಗುವ ಆಸೆ. ಒಬ್ಬಳೇ ಹೋಗುವ ಆಸೆಯಲ್ಲ. ಮದುವೆಯಾದ ಹೊಸದರಲ್ಲಿ ಓದುತ್ತಿದ್ದ ಪಿಎಚ್‌ಡಿಯನ್ನು ಅರ್ಧಕ್ಕೆ ನಿಲ್ಲಿಸಿ ಅವಳು ಈ ಊರಿಗೆ ಬಂದದ್ದು ಗಂಡ ಇಲ್ಲಿ ಕಟ್ಟುಹಲ್ಲಿನ ವರ್ಕ್‌ಶಾಪ್ ಹಾಕಿದನೆಂದು. ಈಗ ಅವನ ಸರದಿ. ಆದರೆ ಅದನ್ನು ಅವನೇ ಹೇಳಬೇಕು.

ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪ್. ಗಂಡ ಯಾರದೋ ಮೇಲ್ದವಡೆಯ ಸೆಟ್ಟನ್ನು ಪಾಲಿಶ್ ಮೆಷಿನ್ನಿಗೆ ಒತ್ತಿ ಹಿಡಿದಿದ್ದ. ಅವಳು ವಿಷಯ ಹೇಳಿ ಬಾಗಿಲಿಗೆ ಒರಗಿ ನಿಂತಳು.

"ಅಯ್ಯೋ, ಇದಕ್ಕೆ ಯೋಚನೆ ಯಾಕೆ? ಹೋಗು," ಎಂದ, ಮೆಷಿನ್ ನಿಲ್ಲಿಸದೆ. "ಇಲ್ಲಿಂದು ನಾನು ನೋಡ್ಕೋತೀನಿ. ರಜಕ್ಕೆ ಬಂದು ಹೋಗಿ ಮಾಡಿದ್ರಾಯ್ತು."

"ಅಷ್ಟೇನಾ?"

"ಇನ್ನೇನು, ತಮಟೆ ಹೊಡೆಸ್ಲಾ?"

ಅವಳಿಗೆ ನಗು ಬರಲಿಲ್ಲ. ಒಳಗೆ ಹೋದಳು, ನೀರು ಬಗ್ಗಿಸಿದಳು, ಕುಡಿಯದೆ ಲೋಟ ಇಟ್ಟು ಮತ್ತೆ ಬಂದಳು.

"ರೀ, ಅವತ್ತು ನಾನು ಇಲ್ಲಿಗೆ ಬಂದೆನಲ್ಲ."

"ಹ್ಞೂಂ, ಬಂದೆ. ಒಳ್ಳೇದೇ ಆಯ್ತು. ನಿನಗೂ ಆ ಓದು ಸಾಕುಸಾಕಾಗಿತ್ತು."

"ಸಾಕಾಗಿತ್ತು ಅಂತ ಯಾರು ಹೇಳಿದ್ರು?"

"ನೀನೇ ಕಣೇ. 'ಬಿಟ್ಟುಬಿಟ್ಟೆ' ಅಂದೆ. ಬೇಜಾರಾಗಿ ಬಿಟ್ಟಿದೀಯ ಅಂದ್ಕೊಂಡೆ."

ಅವಳು ಹೇಳಿದ್ದು ಹಾಗೆಯೇ. ಅವನ ಮೇಲೆ ಭಾರ ಬೀಳದಿರಲಿ ಎಂದು ಆ ಮಾತನ್ನೇ ಆರಿಸಿಕೊಂಡಿದ್ದಳು. ಅವಳು ಇಷ್ಟು ವರ್ಷ ಎದೆಗೆ ಅವಚಿಕೊಂಡು ಬಂದದ್ದು ಅವನ ಪಾಲಿಗೆ ಇರಲೇ ಇಲ್ಲ.

"ಬಿಟ್ಟುಬಿಡಲಿಲ್ಲ. ನಿಮಗೋಸ್ಕರ ಬಿಟ್ಟುಕೊಟ್ಟೆ."

ರೆಕಾರ್ಡಿನಲ್ಲಿ ಕೇಳಿದ್ದರೆ ತಾನೇ ಗುರುತು ಹಾಕುತ್ತಿದ್ದಳು.

ಮೆಷಿನ್ ನಿಂತಿತು. ಅವನು ಕೈಯಲ್ಲಿದ್ದ ಹಲ್ಲುಸೆಟ್ಟನ್ನು ಟ್ರೇಯಲ್ಲಿಟ್ಟು ಅವಳ ಮುಖ ನೋಡಿದ.

"ಈಗ ಹೇಳ್ತಿದೀಯಲ್ಲ ಮಾರಾಯ್ತಿ!"

"ಹೇಳಿದ್ರೆ ಲೆಕ್ಕ ಕೇಳಿದ ಹಾಗೆ ಆಗುತ್ತೆ ಅಂತ."

"ಈಗ ಕೇಳ್ತಿರೋದು ಮತ್ತೇನು?"

ಅವನು ಅಂಗೈಗೆ ಅಂಟಿದ ಬಿಳಿ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೂ ಒರೆಸಿಕೊಂಡ.

"ಸರಿ, ಬರ್ತೀನಿ," ಎಂದ.

"ತೀರಿಸೋಕಾ?"

"ಗೊತ್ತಿಲ್ಲ ಕಣೇ. ಮೊದಲೇ ಬಾ ಅಂದಿದ್ರೆ ಸುಮ್ಮನೆ ಬಂದುಬಿಡ್ತಿದ್ನೋ ಏನೋ. ಈಗ ಇಷ್ಟಪಟ್ಟು ಬರೋದ್ಯಾವುದು, ತೀರಿಸೋಕೆ ಬರೋದ್ಯಾವುದು ಅಂತ ಬಿಡಿಸೋಕೆ ಆಗ್ತಿಲ್ಲ."

ಬೇಕಾದದ್ದು ಸಿಕ್ಕಿತ್ತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತೋಚಲಿಲ್ಲ.

"ಅಲ್ಲಿ ಮೆಷಿನ್ ಇಡೋಕೆ ಜಾಗ ಸಿಗುತ್ತಾ?" ಎಂದು ಅವನು ಕೇಳಿದ. "ಹಲ್ಲಿನ ಡಾಕ್ಟರುಗಳು ಕೆಲಸ ಕೊಡ್ತಾರಾ? ಅಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲ."

ಬೆಳಿಗ್ಗೆಯಿಂದ ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. ಅವನ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತು ಮೇಡಂಗೆ ಫೋನ್ ಹಚ್ಚಿದಳು.

"ಮೇಡಂ, ಒಪ್ಪಿಗೆ ಆಮೇಲೆ ಹೇಳ್ತೀನಿ. ಮೊದಲು ಆ ಊರಲ್ಲಿ ಹಲ್ಲಿನ ಡಾಕ್ಟರು ಯಾರಾದರೂ ನಿಮಗೆ ಪರಿಚಯ ಇದ್ರೆ ಹೇಳಿ."