ಮಲಗಿಸಿ ತಂದ ಸಿಲಿಂಡರ್

ಕೆಲವರು ನಾಯಿ ಸಾಕುತ್ತಾರೆ, ನಾನು ಹಗೆ ಸಾಕಿದೆ. ಮೂರು ವರ್ಷ. ಅದಕ್ಕೆ ದಿನಾ ಹಾಕುತ್ತಿದ್ದ ಅನ್ನ ಅಂದರೆ ನನ್ನ ಫೋನಿನಲ್ಲಿದ್ದ ಒಂದು ಫೋಟೋ.

ಆ ಫೋಟೋದಲ್ಲಿ ಅಹಮದಾಬಾದಿನ ಬೋಡಕ್‌ದೇವ್‌ನ ಒಂದು ಅಪಾರ್ಟ್‌ಮೆಂಟಿನ ಮುಂದೆ ಪುಟ್ಟ ಕ್ಯಾಂಪಿಂಗ್ ಟ್ರೇಲರ್ ನಿಂತಿದೆ. ಕಾರಿನ ಹಿಂದೆ ಸಿಕ್ಕಿಸಿ ಎಳೆಯುವ, ಎರಡೇ ಚಕ್ರದ ಗಾಡಿ. ಅದರ ಹಿಂಭಾಗದಲ್ಲಿ ಏಳೆಂಟು ಸೈಕಲ್ಲುಗಳನ್ನು ಸೌದೆ ಒಟ್ಟಿದ ಹಾಗೆ ಒಟ್ಟಿದ್ದಾರೆ. ಅವುಗಳ ಅಡಿಯಲ್ಲಿ ಗ್ಯಾಸ್ ಸಿಲಿಂಡರು ಅಡ್ಡ ಮಲಗಿದೆ. ದೊಡ್ಡದು ಮಾಡಿ ನೋಡಿದರೆ ಒಂದು ಸೈಕಲ್ಲಿನ ಪೆಡಲು ನೆಟ್ಟಗೆ ಸಿಲಿಂಡರಿನ ವಾಲ್ವಿನ ಮೇಲೆ ಕೂತಿರುವುದು ಕಾಣುತ್ತದೆ. ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಗುತ್ತಿರುವವರು ಯಶವಂತ್.

ಯಶವಂತ್ ಮೈಸೂರಿನವರು, ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಇಂಜಿನಿಯರ್, ಅಲ್ಲಿಯ ಕನ್ನಡಿಗರ ಸೈಕಲ್ ಬಳಗಕ್ಕೆ ಯಜಮಾನರಿದ್ದಂತೆ. ಟ್ರೇಲರನ್ನು ತಾವೇ ನಿಂತು ಮಾಡಿಸಿದವರು. ನನ್ನ ಅಪ್ಪ ಅನಂತರಾಮ, ಸೂರತ್‌ನ ವರಾಛಾದಲ್ಲಿ ವಜ್ರ ಉಜ್ಜುವವರ ನಡುವೆ ಮೂವತ್ತು ವರ್ಷದಿಂದ ಉಡುಪಿ ಹೋಟೆಲು ನಡೆಸುವವರು. ಬಳಗದವರು ಎಲ್ಲಿಗೆ ಹೊರಟರೂ ಅಡುಗೆಗೆ ಅಪ್ಪ ಬೇಕು. ಆ ಫೋಟೋ ತೆಗೆದ ಸಲವೂ ಅಪ್ಪ ರೈಲು ಹತ್ತಿ ವಡೋದರಾಕ್ಕೆ ಹೋಗಿ ಅವರನ್ನು ಕೂಡಿಕೊಂಡರು. ಊರಾಚೆ ನದಿ ದಂಡೆಯಲ್ಲಿ ಡೇರೆ ಹಾಕಿದ್ದರು. ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಅಪ್ಪ ನೀರುದೋಸೆಗೆ ಕೂತಿದ್ದರು. ಒಲೆ ಭಗ್ಗೆಂದು ಎದ್ದು ಅಪ್ಪನ ಎರಡೂ ಕೈ ಸುಟ್ಟಿತು, ಹುಬ್ಬು ಹೋಯಿತು.

ಶಬ್ದ ಕೇಳಿ ಡೇರೆಯಿಂದ ಮೊದಲು ಓಡಿ ಬಂದವರು ಯಶವಂತ್. ಕಂಬಳಿ ಹಾಕಿ ಬೆಂಕಿ ಆರಿಸಿದವರೂ ಅವರೇ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಎರಡು ದಿನದ ನಂತರ ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದರು: "ನಮ್ಮ ಟ್ರೇಲರ್‌ನಲ್ಲಿ ಯಾವ ದೋಷವೂ ಇಲ್ಲ. ನಾನು ನೋಡಿದಾಗ ಸಿಲಿಂಡರ್ ಮಲಗಿತ್ತು. ಮಲಗಿಸಿ ಕೊನೇ ಹನಿ ಹಿಂಡೋದು ಹೋಟೆಲಿನವರ ಬುದ್ಧಿ."

ಹೋಟೆಲಿನವರ ಬುದ್ಧಿ. ಆ ಎರಡು ಪದಕ್ಕೆ ನೂರಾ ಹದಿನೆಂಟು ಜನ ತಲೆಯಾಡಿಸಿದರು. ಸುಳ್ಳೇಕೆ ಹೇಳಲಿ, ನಮ್ಮ ಅಡುಗೆಮನೆಯಲ್ಲೂ ಹಾಗೆ ಮಾಡುತ್ತಿದ್ದರು. ಗ್ಯಾಸ್ ಮುಗಿಯುತ್ತ ಬಂದು ಉರಿ ಸಣ್ಣಗಾದರೆ ಸಿಲಿಂಡರನ್ನು ಮಲಗಿಸುವುದು, ಇನ್ನೂ ಹತ್ತು ದೋಸೆ ತೆಗೆಯುವುದು. ಯಾವ ಹೋಟೆಲಿನಲ್ಲಿ ಮಾಡುವುದಿಲ್ಲ? ಹಾಗಾಗಿಯೇ ಆ ಮಾತು ಅಪ್ಪನ ಮೈಗೆ ಅಂಟಿಕೊಂಡಿತು. ವಿಜ್ಞಾನಿ ಹೇಳಿದ್ದು ವೇದ, ಭಟ್ಟ ಹೇಳಿದ್ದು ಬೂದಿ. ಆದರೆ ಅಪ್ಪ ಏನೂ ಹೇಳಲೇ ಇಲ್ಲ. ಬಲಗೈಯ ಬೆರಳುಗಳು ಮುದುಡಿ ಹಾಗೇ ನಿಂತವು. ಕಾವಲಿಯ ಮುಂದೆ ನಿಲ್ಲುವುದು ಬಿಟ್ಟು ಹೋಟೆಲಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ಬಳಗದವರು ಮುಂದಿನ ಯಾತ್ರೆಗೆ ಬೇರೆ ಅಡುಗೆಯವರನ್ನು ಹುಡುಕಿಕೊಂಡರು. ನಾನು ಕುದಿದೆ. "ಬಿಡು ಅಪೂರ್ವಾ, ಆದದ್ದು ಆಯ್ತು" ಎನ್ನುತ್ತಿದ್ದರು ಅಪ್ಪ. ಬಿಡುವುದಂತೆ. ನನಗೆ ಬೇಕಾಗಿದ್ದದ್ದು ಒಂದೇ, ಯಾರ ಬಾಯಿಂದ ಅಪ್ಪನ ಹೆಸರು ಕೆಟ್ಟಿತೋ ಅದೇ ಬಾಯಿಂದ ಅದು ಸರಿಯಾಗಬೇಕು.

ನಾನು ಹಜೀರಾದ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಗ್ಯಾಸು, ವಾಲ್ವು, ಸೋರಿಕೆ, ಇದೇ ನನ್ನ ಹೊಟ್ಟೆಪಾಡು. ಕಳೆದ ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಕಂಪನಿ ಕಾಲೋನಿಯ ಗೇಟಿನಿಂದ ಫೋನು ಬಂತು. ಕಾಲೋನಿಯ ಕೆಲವು ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಸೈಕಲ್ ಶಿಬಿರಕ್ಕೆ ಹೊರಟಿವೆ, ಅಹಮದಾಬಾದಿನಿಂದ ಟ್ರೇಲರ್ ಬಂದಿದೆ, ಒಳಗೆ ಸಿಲಿಂಡರ್ ಇದೆ, ಸುರಕ್ಷತಾ ವಿಭಾಗದ ಸಹಿ ಇಲ್ಲದೆ ಬಿಡುವ ಹಾಗಿಲ್ಲ. "ಅಪೂರ್ವಾಬೆನ್, ಬೇಗ ಬನ್ನಿ, ಇಲ್ಲಿ ದೊಡ್ಡ ಸಾಹೇಬರು ಗಲಾಟೆ ಮಾಡ್ತಿದ್ದಾರೆ" ಎಂದ ಕಾವಲುಗಾರ, ಗುಜರಾತಿಯಲ್ಲಿ.

ಹೋಗಿ ನೋಡಿದೆ. ಅದೇ ಟ್ರೇಲರ್. ಅದೇ ಸೊಂಟ, ಅದೇ ಕೈ. ಹುಡುಕಿಕೊಂಡು ಹೋಗಬೇಕಾಗಿದ್ದ ಮನುಷ್ಯ ತಾನಾಗಿ ನಡೆದು ಬಂದು ನನ್ನ ಗೇಟಿನಲ್ಲಿ ನಿಂತಿದ್ದ. ಸಂತೋಷವಾಯಿತು ಅಂದರೆ ಸಾಲದು, ಹಬ್ಬವಾಯಿತು.

"ಅನಂತರಾಮ್ ಮಗಳಲ್ವೇನಮ್ಮ?" ಎಂದರು ಯಶವಂತ್. "ಎಷ್ಟು ದೊಡ್ಡೋಳಾಗ್ಬಿಟ್ಟಿದೀಯ. ಬೇಗ ಒಂದು ಸೈನ್ ಹಾಕ್ಬಿಡಮ್ಮ, ಮಕ್ಕಳು ಕಾಯ್ತಿದಾರೆ."

"ಬಾಗಿಲು ತೆಗೀರಿ ಸರ್" ಎಂದೆ.

ಟ್ರೇಲರಿನ ಒಳಗೆ ಹಾಸಿಗೆಗಳ ನಡುವೆ ಸಿಲಿಂಡರು ಕಂಬಳಿ ಹೊದ್ದು ಮಲಗಿತ್ತು, ಬಾಣಂತಿಯ ಹಾಗೆ. ರೆಗ್ಯುಲೇಟರನ್ನೂ ಬಿಚ್ಚಿರಲಿಲ್ಲ. ಹತ್ತು ಸೈಕಲ್ಲು ಮತ್ತೆ ಹಿಂಭಾಗದಲ್ಲೇ. ಮೂರು ವರ್ಷದ ಹಿಂದೆ ಒಬ್ಬರ ಕೈ ಸುಟ್ಟರೂ ಈ ಮನುಷ್ಯ ಒಂದು ಅಕ್ಷರ ಕಲಿತಿರಲಿಲ್ಲ. ಹೋಟೆಲಿನವರ ಬುದ್ಧಿಯಾದರೂ ಹತ್ತು ದೋಸೆ ಕೊಡುತ್ತದೆ.

"ಎಲ್ಲಾ ಇಳಿಸಿ" ಎಂದೆ.

"ಎಲ್ಲಾನೂ?"

"ಎಲ್ಲಾನೂ. ನೀವೇ ಇಳಿಸಬೇಕು ಸರ್. ಗಾಡಿಗೆ ಹೊಣೆ ನೀವು."

ಹದಿನಾಲ್ಕು ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ಕೂತು ನೋಡಿದರು. ಯಶವಂತ್ ಬೆವರು ಸುರಿಸುತ್ತ ಹತ್ತು ಸೈಕಲ್ಲು ಇಳಿಸಿದರು. ನಾನು ಒಂದೊಂದಾಗಿ ಹೇಳಿದೆ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. ಸಿಲಿಂಡರು ಜನ ಮಲಗುವ ಜಾಗದಲ್ಲಿರಬಾರದು. ಹೊರಗೆ, ಮುಂದೆ, ಕಾರಿಗೆ ಸಿಕ್ಕಿಸುವ ಕಂಬಿಯ ಮೇಲಿನ ಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲಬೇಕು. ಎರಡು ಕಡೆ ಪಟ್ಟಿ ಬಿಗಿಯಬೇಕು. ವಾಲ್ವು ಮುಚ್ಚಿ, ರೆಗ್ಯುಲೇಟರ್ ಬಿಚ್ಚಿ, ಮೇಲೆ ಮುಚ್ಚಳ ಹಾಕಬೇಕು. ಮಲಗಿಸಿದರೆ ಅನಿಲದ ಬದಲು ದ್ರವವೇ ವಾಲ್ವಿನ ಬಾಯಿಗೆ ಬರುತ್ತದೆ. ಸೈಕಲ್ಲಿನ ಭಾರವೆಲ್ಲ ಹಿಂದೆ ಬಿದ್ದರೆ ಹೆದ್ದಾರಿಯಲ್ಲಿ ಟ್ರೇಲರು ಬಾಲ ಆಡಿಸಲು ಶುರು ಮಾಡುತ್ತದೆ, ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಚಕ್ರದ ನೇರಕ್ಕೆ, ಟ್ರೇಲರಿನ ಮೇಲೆ ನಾಲ್ಕು ಸೈಕಲ್ಲು ಮಾತ್ರ. ಉಳಿದವು ಬೇರೆ ಗಾಡಿಯಲ್ಲಿ. ಪೆಡಲುಗಳನ್ನು ಬಿಚ್ಚಿಡಬೇಕು.

ಅವರು ಒಂದು ಸಲ ಕಟ್ಟಿದರು. ನಾನು ಸಿಲಿಂಡರನ್ನು ಅಲುಗಾಡಿಸಿ ನೋಡಿ "ಬಿಚ್ಚಿ" ಎಂದೆ. ಎರಡನೇ ಸಲ ಕಟ್ಟಿದ್ದು ಸರಿಯಾಗಿಯೇ ಇತ್ತು. ಆದರೂ "ಬಿಚ್ಚಿ" ಎಂದೆ. ಹೌದು, ಬೇಕೆಂದೇ. ಅವರ ಅಂಗಿ ಬೆನ್ನಿಗೆ ಅಂಟಿದ್ದನ್ನು ನೋಡುತ್ತ ನಿಲ್ಲುವುದು ನನಗೆ ತಣ್ಣಗೆ ಮಜ್ಜಿಗೆ ಕುಡಿದಷ್ಟು ಹಿತವಾಗಿತ್ತು.

ಮೂರನೇ ಸಲ ಕಟ್ಟಿ ಮುಗಿಸಿ ಫಾರಮ್ಮಿಗೆ ಕೈ ಚಾಚಿದರು. ಅವರನ್ನು ಗೇಟಿನ ಕೋಣೆಗೆ ಕರೆದು ಆ ಫೋಟೋ ತೋರಿಸಿದೆ.

ಅವರು ಅದನ್ನು ದೊಡ್ಡದು ಮಾಡಿ ನೋಡಿದರು. ಮುಖದ ಗತ್ತು ಇಳಿಯಿತು. "ಪೆಡಲ್ ವಾಲ್ವ್ ಮೇಲಿದೆ" ಎಂದರು ಮೆಲ್ಲಗೆ.

"ಅಹಮದಾಬಾದಿನಿಂದ ವಡೋದರಾವರೆಗೆ ಅದು ಹಾಗೇ ಕುಟ್ಟಿಕೊಂಡು ಬಂದಿದೆ. ಸೋರಿದ್ದು ನಿಮ್ಮಿಂದ. ಸುಟ್ಟದ್ದು ನನ್ನ ಅಪ್ಪನ ಕೈ. ಹೆಸರು ಕೆಟ್ಟದ್ದೂ ಅವರದ್ದೇ."

"ನಾನು ಬಂದಾಗ ಸಿಲಿಂಡರ್ ಮಲಗಿತ್ತಮ್ಮ. ಅದನ್ನ ಕಣ್ಣಾರೆ ನೋಡಿದೀನಿ."

"ಬೆಂಕಿಯಲ್ಲಿ ಕೈ ಬಡಿದು ಬಿದ್ದಿರಬಾರದಾ? ಅವರು ಮಲಗಿಸಿದ್ದನ್ನ ನೋಡಿದಿರಾ?"

"ಇಲ್ಲ" ಎಂದರು ಯಶವಂತ್. "ಮಲಗಿಸಿದ್ದನ್ನ ನೋಡ್ಲಿಲ್ಲ."

"ಹಾಗಾದರೆ ಬರೆಯಿರಿ. ಗುಂಪಿನಲ್ಲಿ, ಈಗಲೇ. ಆಮೇಲೆ ಸಹಿ."

ಇದು ತಪ್ಪು ಎಂದು ನನಗೆ ಗೊತ್ತಿತ್ತು. ಕಂಪನಿಯ ಸಹಿ ನನ್ನ ಮನೆಯ ಆಸ್ತಿಯಲ್ಲ. ಆದರೆ ಮಾಡಿದ್ದುಣ್ಣೋ ಮಹಾರಾಯ ಎಂದು ಅವರಿಗೆ ಬಡಿಸುವ ಸೌಟು ನನ್ನ ಕೈಗೆ ಬಂದಿತ್ತು, ಬಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಯಶವಂತ್ ಬರೆದರು: "ವಡೋದರಾ ಶಿಬಿರಕ್ಕೆ ಸಿಲಿಂಡರನ್ನು ಮಲಗಿಸಿ, ಮೇಲೆ ಸೈಕಲ್ ಹೇರಿ ತಂದವನು ನಾನು." ಅಷ್ಟು ಬರೆದು ನಿಲ್ಲಿಸಿದರು.

"ಇನ್ನೊಂದು" ಎಂದೆ. "ಅವಘಡದಲ್ಲಿ ಅನಂತರಾಮರ ತಪ್ಪೇನೂ ಇರಲಿಲ್ಲ."

"ಅದು ನನಗೆ ಗೊತ್ತಿಲ್ಲಮ್ಮ."

"ಅವರ ತಪ್ಪು ಅಂತ ಬರೆಯುವಾಗ ಗೊತ್ತಿತ್ತಾ?"

ಹೊರಗೆ ಮಕ್ಕಳು ಹೆಲ್ಮೆಟ್ಟಿನಿಂದ ಹೆಲ್ಮೆಟ್ಟಿಗೆ ಟಣ್ ಟಣ್ ಗುದ್ದಿಕೊಳ್ಳುತ್ತಿದ್ದರು. ಯಶವಂತ್ ಎರಡನೇ ವಾಕ್ಯವನ್ನೂ ಬರೆದು ಕಳಿಸಿದರು. ನಾನು ಸಹಿ ಹಾಕಿದೆ. ಗೇಟು ತೆರೆಯಿತು. ಟ್ರೇಲರು ಹೊರಟಿತು, ಸಿಲಿಂಡರು ಮುಂದೆ ನೆಟ್ಟಗೆ ನಿಂತಿತ್ತು.

ಮಧ್ಯಾಹ್ನ ಊಟದ ಗಿರಾಕಿಗಳು ಖಾಲಿಯಾಗುವ ಹೊತ್ತಿಗೆ ವರಾಛಾ ತಲುಪಿದೆ. ದಾರಿಯುದ್ದಕ್ಕೂ ಗುಂಪಿನಲ್ಲಿ ಸಂದೇಶಗಳು ಬೀಳುತ್ತಿದ್ದವು. ಅನಂತಣ್ಣ ಕ್ಷಮಿಸಿ. ಅನಂತಣ್ಣ, ನಾವು ನಂಬಬಾರದಿತ್ತು. ಯಶವಂತ್ ಬಳಗದ ಯಜಮಾನಿಕೆ ಬಿಡಲಿ ಎಂದೂ ಒಬ್ಬರು ಬರೆದಿದ್ದರು. ಅದನ್ನು ಎರಡು ಸಲ ಓದಿದೆ. ಅಪ್ಪ ಬಾಗಿಲ ಕುರ್ಚಿಯಲ್ಲಿ ಕೂತಿದ್ದರು. ಅವರ ಮುಂದೆ ಫೋನು ಹಿಡಿದು ಯಶವಂತ್ ಬರೆದದ್ದನ್ನು ಓದಿ ಹೇಳಿದೆ, ಪಾರಾಯಣ ಮಾಡುವವರ ಹಾಗೆ.

ಅಪ್ಪ ನಗಲಿಲ್ಲ. "ಮೊದಲ್ನೇದು ಅವರು ಬರ್ದದ್ದು" ಎಂದರು. "ಎರಡ್ನೇದು ಯಾರು ಬರೆಸಿದ್ದು?"

ನಾನು ಫೋನಿನ ಪರದೆ ಆರಿಸಿದೆ.

"ನೀನಾ?"

"ಹೌದು. ಎಂತ ತಪ್ಪುಂಟು ಅದ್ರಲ್ಲಿ? ಸತ್ಯ ಅಲ್ವಾ?"

ಅಪ್ಪ ಎದ್ದು ಒಳಗೆ ಹೋದರು. ನಾನು ಹಿಂದೆ ಹೋದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ, ಕಾವಲಿ ಇನ್ನೂ ಬಿಸಿಯಾಗಿತ್ತು.

"ಗ್ಯಾಸ್ ಮುಗೀಲಿಕ್ಕೆ ಬಂದಿತ್ತು" ಎಂದರು. "ಇನ್ನು ಹತ್ತು ದೋಸೆ ಆಗ್ಬೇಕಿತ್ತು. ಒಲೆ ಆರಿಸ್ಲಿಲ್ಲ. ಉರೀತಾ ಇರುವಾಗ್ಲೇ ಸಿಲಿಂಡರ್ ಮಲಗಿಸಿದೆ. ಇಲ್ಲಿ ಎಷ್ಟು ಸಲ ಮಾಡಿಲ್ಲ? ಅವತ್ತು ಆಯ್ತು. ಪೆಡಲೂ ಇಲ್ಲ, ಎಂತದೂ ಇಲ್ಲ. ವಾಲ್ವ್ ಸರಿ ಇತ್ತು, ಹಚ್ಚುವ ಮೊದ್ಲು ಸೋಪಿನ ನೀರು ಹಾಕಿ ಸೋರ್ತದಾ ಅಂತ ನಾನೇ ನೋಡಿದ್ದೆ."

"ಮೂರು ವರ್ಷ ಯಾಕೆ ಹೇಳ್ಲಿಲ್ಲ?"

"ಮೊದ್ಲು ನಾಚಿಕೆ ಆಯ್ತು. ಆಮೇಲೆ ನೀನು ಸಿಟ್ಟು ಮಾಡ್ಲಿಕ್ಕೆ ಶುರು ಮಾಡಿದೆ." ಅಪ್ಪ ಮುದುಡಿದ ಬೆರಳುಗಳನ್ನು ನೋಡಿಕೊಂಡರು. "ನನ್ನ ಪರವಾಗಿ ಅಷ್ಟು ಸಿಟ್ಟು ಈವರೆಗೆ ಯಾರೂ ಮಾಡಿದ್ದಿಲ್ಲ ಮಗಾ. ಕೇಳ್ಲಿಕ್ಕೆ ಚಂದ ಆಗ್ತಿತ್ತು. ಹೇಳಿದ್ರೆ ನಿಂತು ಹೋಗ್ತದಲ್ಲ ಅಂತ ಸುಮ್ನಿದ್ದೆ."

ನನಗೆ ಅವರ ಮೇಲೆ ಬೆಂಕಿಯಂಥ ಕೋಪ ಬಂತು. ಬಂದ ಕೋಪ ಎಲ್ಲಿಗೂ ಹೋಗಲಾರದೆ ನನ್ನ ಮೇಲೇ ತಿರುಗಿತು. ಯಶವಂತರ ಬೆವರಿದ ಬೆನ್ನು ಕಣ್ಣಿಗೆ ಬಂತು. ಎರಡನೇ ಸಲ ಕಟ್ಟಿದ್ದು ಸರಿಯಾಗಿಯೇ ಇತ್ತು.

"ಗುಂಪಿಗೆ ನಾನು ಮಾತಾಡ್ತೇನೆ" ಎಂದರು ಅಪ್ಪ. "ಒತ್ತಿ ಹಿಡೀಲಿಕ್ಕೆ ನನ್ನ ಬೆರಳಿಗೆ ಆಗುದಿಲ್ಲ. ನೀನು ಹಿಡಿ."

ನಾನು ಮೈಕಿನ ಗುರುತಿನ ಮೇಲೆ ಹೆಬ್ಬೆರಳು ಒತ್ತಿ ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದೆ.

"ಎಲ್ಲರಿಗೂ ನಮಸ್ಕಾರ. ನಾನು ಸೂರತ್‌ನ ಅನಂತರಾಮ. ಯಶವಂತರು ಬರೆದದ್ದರಲ್ಲಿ ಮೊದಲನೇ ಮಾತು ಸರಿ, ಎರಡನೇ ಮಾತು ಸರಿಯಲ್ಲ. ಒಲೆ ಉರಿಯುವಾಗ ಸಿಲಿಂಡರ್ ಮಲಗಿಸಿದ್ದು ನಾನು. ಮಗಳಿಗೆ ಇದು ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಯಶವಂತರೇ, ನನ್ನನ್ನು ಕ್ಷಮಿಸಬೇಕು."

ಮುಗಿಸಿದರು. ನನ್ನ ಬೆರಳು ಇನ್ನೂ ಒತ್ತಿಯೇ ಇತ್ತು. ಎತ್ತಿದರೆ ಅದು ಹೋಗಿ ನೂರಾ ಹದಿನೆಂಟು ಜನರ ಕಿವಿಗೆ ಬೀಳುತ್ತದೆ. ಎಡಕ್ಕೆ ಸ್ವಲ್ಪ ಜಾರಿಸಿದರೆ ಅಳಿಸಿಹೋಗುತ್ತದೆ, ಅಪ್ಪನ ಹೆಸರು ಇಂದು ಬೆಳಿಗ್ಗೆ ನಾನು ತೊಳೆದಿಟ್ಟ ಹಾಗೇ ಉಳಿಯುತ್ತದೆ. ಅಪ್ಪನಿಗೆ ಅದೆಲ್ಲ ಗೊತ್ತಿಲ್ಲ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು, ನಮ್ಮಿಬ್ಬರ ಉಸಿರೂ ಅದರಲ್ಲಿ ದಾಖಲಾಗುತ್ತಿತ್ತು.

"ಬೆರಳು ತೆಗಿ ಮಗಾ" ಎಂದರು ಅಪ್ಪ.

ತೆಗೆದೆ.

"ಹೋಯ್ತಾ?"

"ಹೋಯ್ತು ಅಪ್ಪ."