ಬಾಲರಾಜು ಇರುವ ಕಡೆ

ಎಣ್ಣೆ ಕಾದಿದೆ, ಸಂಡಿಗೆ ಬಿದ್ದ ಸದ್ದು, ಚುರ್ ಎಂದು, ಹಿಂದೆಯೇ ಇಂಗಿನ ಘಾಟು — ಡಾಕ್ಟರು ಎಣ್ಣೆ ತಿನ್ನಬೇಡಿ ಅಂದಿದ್ದಾರೆ, ಮೂಸಬೇಡಿ ಅಂದಿಲ್ಲವಲ್ಲ, ಸುಬ್ಬಲಕ್ಷ್ಮಮ್ಮ ನಡುಮನೆಯ ಮಂಚದಲ್ಲಿ ಒರಗಿ ಮೂಸುತ್ತಲೇ ಇದ್ದಾಳೆ, ಅಡುಗೆಮನೆಯಲ್ಲಿ ಮಗಳು ಪದ್ಮಶ್ರೀ ಕರಿಯುತ್ತ ಏನೋ ಗುನುಗುತ್ತಿದ್ದಾಳೆ, ಸೋಲದೇವನಹಳ್ಳಿಯ ಪ್ರಾರ್ಥನೆ ಮನೆಯಲ್ಲಿ ಕಲಿತ ಹಾಡು. ಸೋಮವಾರ ಆಸ್ಪತ್ರೆಯಲ್ಲಿ ಇವಳ ಎದೆ ಕೊಯ್ಯುತ್ತಾರೆ. ಅದಕ್ಕೇ ಭಾನುವಾರವೇ ನೀರಲ್ಲಿ ಮುಳುಗಬೇಕಂತೆ, ಯೇಸು ಅಂದ್ಬಿಡಮ್ಮ, ಒಂದೇ ಮಾತು, ಇಲ್ಲಾಂದ್ರೆ ಆರದ ಬೆಂಕಿ ಕಣಮ್ಮ, ನಾನೊಂದ್ ಕಡೆ ನೀನೊಂದ್ ಕಡೆ ಆಗ್ಬಿಡ್ತೀವಿ, ಎಂದು ಬೆಳಿಗ್ಗೆ ಮೂಗು ಸೊರಗುಟ್ಟಿಸಿಕೊಂಡು ಅತ್ತಳಲ್ಲ, ಪಾಪ, ಕಪಟವಿಲ್ಲದ ಅಳು. ಅನ್ನಬಹುದು, ಅದೇನು ಭಾರ, ಹತ್ತು ದೇವರ ಜೊತೆ ಹನ್ನೊಂದು, ಇರಲಿ ಅವನೂ ಒಬ್ಬ, ಮಗಳಿಗೆ ನಿದ್ದೆ ಬಂದರೆ ಸಾಕು — ಆದರೆ ಬಾಯಿ ಸುಮ್ಮನಿರಬೇಕಲ್ಲ, ಕೇಳಿಯೇಬಿಟ್ಟಿತು, ಅಂಗಾದ್ರೆ ಸತ್ತೋದ ನಿಮ್ಮಣ್ಣ ಎಲ್ಲವ್ನೇ? ಹಾಲು ಒಡೆದರೂ ಒಂದು ಬೈಬಲ್ ವಚನ ಹೇಳುವ ಪದ್ಮಶ್ರೀ, ಅಣ್ಣನ ಮಾತು ಬಂದದ್ದೇ ಎದ್ದು ಸಂಡಿಗೆ ಡಬ್ಬ ಹುಡುಕಲು ಹೋದಳು.

ಬಾಲರಾಜು. ಕೊರಳಲ್ಲಿ ಊರಮ್ಮನ ದಾರ, ಅದರ ಪಕ್ಕ ದರ್ಗಾದ ತಾಯಿತ, ಎರಡನ್ನೂ ಕಟ್ಟಿದ್ದು ಹೆತ್ತ ಇವಳೇ, ತುಮಕೂರು ರಸ್ತೆಯಲ್ಲಿ ಲಾರಿ ಮೇಲೆ ಬಂದಾಗ ಇಬ್ಬರಲ್ಲಿ ಒಬ್ಬರಾದರೂ ಕಣ್ಣು ಬಿಡಬಾರದಿತ್ತೇ. ತಿಥಿಯ ದಿನ ಮುದ್ದೆ, ಕೋಳಿಸಾರು ಎಡೆಯಿಟ್ಟು ಕಾದರು, ಕಾಗೆ ಕಾಂಪೌಂಡಿನ ಮೇಲೆ ಕೂತು ಕತ್ತು ಕೊಂಕಿಸಿ ನೋಡಿತು, ಮುಟ್ಟದೆ ಹಾರಿಹೋಯಿತು, ಅಪಮೃತ್ಯು ನೋಡಮ್ಮ, ಮದುವೆ ಬೇರೆ ಆಗಿಲ್ಲ, ಪ್ರೇತವಾಗಿ ಅಲೀತಾನೆ, ಎಂದರು ಪುರೋಹಿತರು, ನಾಳೆ ಮಳೆ ಬರ್ತದೆ ಅನ್ನುವಷ್ಟು ಸಲೀಸಾಗಿ. ಪಕ್ಕದ ಮನೆಯ ಅಮೀನಾಳನ್ನೂ ಕೇಳಿದಳು, ಪ್ರತಿ ಹಬ್ಬಕ್ಕೂ ಅವನನ್ನು ಕರೆದು ಶಾವಿಗೆ ತಿನ್ನಿಸುತ್ತಿದ್ದವಳು, ನಿಮ್ ದೇವ್ರನ್ನ ನಂಬದೋರು ಸತ್ರೆ ಎಲ್ಲಿಗೋಗ್ತಾರಂತೆ ಅಮೀನಾ? ಅದು ಅವನ ಇಷ್ಟ ಅಕ್ಕಾ, ನಾವ್ ಹೇಳೋಕಾಗಲ್ಲ, ಎಂದು ಕೈ ಹಿಡಿದುಕೊಂಡಳು, ಬಾಲೂಗೆ ದುವಾ ಮಾಡ್ತೀಯಾ ಅಂದಾಗ ಮಾತ್ರ ಕಣ್ಣು ತುಂಬಿಕೊಂಡು ಕೈ ಬಿಟ್ಟಳು. ಎಲ್ಲರ ಬಾಗಿಲಿಗೂ ಒಳಗಿನಿಂದ ಚಿಲಕ, ಮಗ ಹೊರಗೆ, ಅಂದು ಐದು ವರ್ಷದವನು, ಕಜ್ಜಾಯದ ಆಸೆಗೆ ಬಾಣಲೆಗೆ ಕೈ ಹಾಕಿಬಿಟ್ಟಿದ್ದ, ಅಳಲಿಲ್ಲ, ಅಂಗೈ ಮುಂದೆ ಚಾಚಿದ, ಊದಮ್ಮ — ಅಮ್ಮಾ, ಎಂದು ಪದ್ಮಶ್ರೀ ಬಂದು ಪಕ್ಕದಲ್ಲೇ ಕೂತಿದ್ದಾಳೆ, ಎಣ್ಣೆ ಜಿಡ್ಡಿನ ಕೈಯಲ್ಲಿ ಇವಳ ಕೈ, ಅಂದ್ಬಿಡಮ್ಮ, ನನ್ಗೋಸ್ಕರ. ಅಂದರೆ ತಾನು ತಂಪಿನಲ್ಲಿ, ಮಗಳ ಪಕ್ಕ, ಹಾಡು ಕೇಳಿಕೊಂಡು, ಅವನು ಆ ಬೆಂಕಿಯಲ್ಲಿ, ಅಂದರೆ ಅವನು ಅಲ್ಲಿರುವುದು ಸರಿ ಎಂದು ಹೆತ್ತವಳೇ ಒಪ್ಪಿಕೊಂಡಂತೆ, ಅಯ್ಯೋ, ಆದರೂ ಅನ್ನು, ಇರುವ ಒಬ್ಬಳಿಗಾದರೂ ಅನ್ನು, ಪದ್ಮಶ್ರೀ ಇವಳ ಬಾಯಿಯನ್ನೇ ನೋಡುತ್ತಿದ್ದಾಳೆ, ಸುಬ್ಬಲಕ್ಷ್ಮಮ್ಮ ಬಾಯಿ ತೆರೆಯುತ್ತಾಳೆ, ಯೇ ಎನ್ನಲು ಹೋದ ತುಟಿ ತಾನಾಗಿ ದುಂಡಗಾಗುತ್ತದೆ, ಮಾತಿಲ್ಲ, ಬರೀ ಉಸಿರು, ಊದುತ್ತಾಳೆ, ಕೆಂಪಗೆ ಬೊಬ್ಬೆ ಎದ್ದ ಆ ಪುಟ್ಟ ಅಂಗೈ, ಊದಮ್ಮ, ಇನ್ನೂ ಉರೀತೈತೆ, ಅಂಗೈ, ಊದು, ಆ ಅಂಗೈ