ಎರಡು ತಳದ ಪಿಕಪ್

ಬನ್ನು ಮೀನು ನಾರುತ್ತಿತ್ತು. ಕಚ್ಚಿದ ತುಂಡನ್ನು ಅವಳು ಅಂಗಳದಲ್ಲೇ ಉಗಿದಳು, ಬಾಯಿ ಮುಕ್ಕಳಿಸಿ ಮತ್ತೊಮ್ಮೆ ಉಗಿದಳು. ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆಯನ್ನು ಹೀರಿಕೊಳ್ಳುವುದು ಬ್ರೆಡ್ಡಿನ ಹುಟ್ಟುಗುಣ. ಅದು ಗೊತ್ತಿದ್ದೇ ಅವಳು ಹಿಂದಿನ ಸಂಜೆ ಒಂದು ಟ್ರೇ ಬನ್ನನ್ನು ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿಟ್ಟು, ಮೇಲೆ ಟಾರ್ಪಾಲು ಹೊದಿಸಿ, ಪರೀಕ್ಷೆಗೆಂದು ಬೆಳಗಿನವರೆಗೆ ಬಿಟ್ಟಿದ್ದಳು. ಪರೀಕ್ಷೆಯ ಫಲ ಈಗ ನಾಲಿಗೆಗೆ ಅಂಟಿಕೊಂಡು ಹೋಗಲೊಲ್ಲದು.

ನಾಳೆ ಬೆಳಿಗ್ಗೆ ಆಸ್ಪತ್ರೆಯ ಕ್ಯಾಂಟೀನಿಗೆ ಮೊದಲ ಲೋಡು ಹೋಗಬೇಕಿತ್ತು. ಸರಿಯಿದ್ದರೆ ಇನ್ನು ಮುಂದೆ ನಿನ್ನದೇ ಬ್ರೆಡ್ಡು, ಸರಿಯಿಲ್ಲದಿದ್ದರೆ ಮತ್ತೆ ಈ ಕಡೆ ಬರಬೇಡ ಎಂದು ಅಲ್ಲಿಯ ಮೇಲ್ವಿಚಾರಕಿ ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ದಳು. ಇಷ್ಟು ವರ್ಷ ಮನೆಯ ಹಿತ್ತಲಿನ ಒಲೆಯಲ್ಲಿ ಬೇಯಿಸಿ, ಸೈಕಲ್ಲಿಗೆ ಬುಟ್ಟಿ ಕಟ್ಟಿ ಬೀದಿ ಬೀದಿ ಅಲೆದವಳಿಗೆ ಇಂಥ ಅವಕಾಶ ಇನ್ನೊಂದು ಸಲ ಬರುತ್ತದೆಯೇ? ಕಾಯಿಲೆಯವರ ಬಾಯಿಗೆ ಮೀನು ನಾರುವ ಬನ್ನು!

ಪಿಕಪ್ಪು ಮಾವನದು. ದುಂಡು ಮೂತಿ, ಕಪ್ಪೆಗಣ್ಣಿನ ದೀಪ, ಈಗ ಎಲ್ಲೂ ಕಾಣಸಿಗದ ಹಳೇ ಗಾಡಿ. ದಾರಿಹೋಕರು ನಿಂತು ಫೋಟೋ ತೆಗೆಯುತ್ತಾರೆ, ಮೂಗು ಮುಚ್ಚಿಕೊಂಡು. ಮಾವ ಅದರಲ್ಲಿ ಹೊತ್ತದ್ದು ಹೂವನ್ನಲ್ಲ. ಮೀನು ಮಾರುಕಟ್ಟೆಯಲ್ಲಿ ಉಳಿದ ತಲೆ, ಕರುಳು, ಕಿವಿರುಗಳನ್ನು ಊರಾಚೆಯ ಗೊಬ್ಬರದ ಕಾರ್ಖಾನೆಗೆ ಹೊತ್ತರು, ವಯಸ್ಸಿದ್ದಷ್ಟು ದಿನವೂ. ತೊಟ್ಟಿಯ ತಳ ತೂತು ಬಿದ್ದಾಗಲೆಲ್ಲ ತಾವೇ ತಗಡು ಬಡಿದು ರಿವೆಟ್ ಹೊಡೆದರು. ಆ ತೇಪೆ ಕಂಡರೆ ಅವರಿಗೆ ಎಲ್ಲಿಲ್ಲದ ಅಭಿಮಾನ. ಅವಳಿಗೆ ಮಾತ್ರ ಅದನ್ನು ಕಂಡರೆ ಮೈಮೇಲೆ ಹುಳು ಹರಿದಂತಾಗುತ್ತಿತ್ತು.

ಗಂಡ ಗ್ಯಾರೇಜಿನಲ್ಲಿ ಬಾಡಿ ಕೆಲಸದವನು. ಗುಜರಿಯಿಂದ ಇತ್ತೀಚಿನ ಪಿಕಪ್ಪೊಂದರ ತಳ ತಂದಿದ್ದ. ತುಕ್ಕಿಲ್ಲದ, ಏಣು ಏಣಾದ ಒಳ್ಳೆಯ ಉಕ್ಕು. ಅಗಲ ಹೆಚ್ಚಾಯಿತೆಂದು ಎರಡೂ ಅಂಚು ಕತ್ತರಿಸಿದ. ಚಕ್ರದ ಉಬ್ಬುಗಳ ಜಾಗ ಹೊಂದಲಿಲ್ಲವೆಂದು ಹೊಸದಾಗಿ ಕಂಡಿ ಕೊರೆದ. "ಹಳೇದನ್ನ ಕಿತ್ತು ಗುಜರಿಗೆ ಹಾಕ್ದೆ, ಇನ್ನು ನೀನು ನೆಲಕ್ಕೇ ಹಿಟ್ಟು ಹಾಕಿ ಕಲಸಬಹುದು" ಎಂದು ಎದೆಯುಬ್ಬಿಸಿ ಹೇಳಿದ್ದ. ನಂಬಿದ್ದಳು, ಪೆದ್ದಿ.

ಈಗ ಅವಳು ತೊಟ್ಟಿಯ ಹಿಂದಿನ ಬಾಗಿಲನ್ನು ಎತ್ತಿ ಮುಚ್ಚಿ ನೋಡಿದಳು. ಮುಚ್ಚಲಿಲ್ಲ. ಹೊಸ ತಳ ಇರಬೇಕಾದ್ದಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಬಗ್ಗಿ ಅಂಚಿನ ಸಂದಿಗೆ ಬ್ರೆಡ್ಡಿನ ಚಾಕು ತೂರಿಸಿದಳು. ಹೊರಬಂದ ಚಾಕುವಿನ ತುದಿಯಲ್ಲಿ ಬೂದುಬಣ್ಣದ ಲೋಳೆ ನೂಲೆಳೆಯಿತು. ಅವಳು ಚಾಕುವನ್ನೇ ಎಸೆದುಬಿಟ್ಟಳು. ಇನ್ನು ಅದರಲ್ಲಿ ಬ್ರೆಡ್ಡು ಕೊಯ್ಯುವ ಮಾತೇ ಇರಲಿಲ್ಲ.

"ರೀ!"

ಗಂಡ ಟೀ ಲೋಟ ಹಿಡಿದೇ ಬಂದ.

"ಹಳೇ ತಳ ಎಲ್ಲಿ ಹಾಕಿದ್ರಿ?"

"ಗುಜರಿಗೆ ಅಂದ್ನಲ್ಲ." ಅನ್ನುತ್ತಲೇ ಅವನ ಕಣ್ಣು ತೊಟ್ಟಿಯ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

"ಹಾಗಾದ್ರೆ ಇದರ ಕೆಳಗೆ ಏನ್ ಕೊಳೀತಿದೆ? ನನ್ನ ಹಣೆಬರಹನಾ?"

"ಮೆತ್ತಗೆ ಮಾತಾಡೇ, ಅಪ್ಪಂಗೆ ಕೇಳ್ಸುತ್ತೆ." ಅವನು ಲೋಟವನ್ನು ಬಾನೆಟ್ಟಿನ ಮೇಲಿಟ್ಟ. "ತೆಗೀತೀನಿ ಅಂತ ನಿಂಗೆ ಹೇಳಿದ್ದೆ. ತೆಗೆಯಲ್ಲ ಅಂತ ಅಪ್ಪಂಗೆ ಮಾತು ಕೊಟ್ಟಿದ್ದೆ. ಏನ್ಮಾಡ್ಲಿ? ಅದರ ಮೇಲೇ ಮರದ ಪಟ್ಟಿ ಇಟ್ಟು ಇದನ್ನ ಕೂರಿಸ್ದೆ. ಸುತ್ತ ಪೇಸ್ಟ್ ಮೆತ್ತಿದೀನಿ, ಗಾಳಿನೂ ಆಡಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಮನೆಯಲ್ಲಿ ಎಲ್ಲವೂ ಹೀಗೇ. ಗೋಡೆಗೆ ಬೂಷ್ಟು ಹಿಡಿದರೆ ಕ್ಯಾಲೆಂಡರ್ ತೂಗುಹಾಕುತ್ತಾರೆ, ಹಾಸಿಗೆ ಹರಿದರೆ ಮೇಲೊಂದು ಜಮಖಾನ ಹಾಸುತ್ತಾರೆ. ತಿಪ್ಪೆ ಸಾರಿಸುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಕೊಳೆತದ್ದಕ್ಕಿಂತ ಅದನ್ನು ಮುಚ್ಚಿದ ಕೈ ಅವಳಿಗೆ ಹೆಚ್ಚು ಹೇಸಿಗೆ ತರಿಸಿತು. ಅದೇ ಕೈ ನಿನ್ನೆ ಅವಳ ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಹಾಕಿತ್ತು.

"ಬಿಚ್ಚಿ" ಅಂದಳು.

"ಸಂಜೆ ಅಪ್ಪ ವಾಕಿಂಗ್ ಹೋದಾಗ..."

"ಈಗ್ಲೇ ಬಿಚ್ತೀರೋ, ಬೀದಿಯವರನ್ನ ಕರೆದು ಬಿಚ್ಚಿಸ್ಲೋ?"

ಅವನು ಸ್ಪ್ಯಾನರ್ ತಂದ. ಬೋಲ್ಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಇಬ್ಬರೂ ಒಂದೊಂದು ಕಡೆ ಹಿಡಿದು ತಳವನ್ನೆತ್ತಿದರು. ಗಬ್ಬೆಂದು ಬಂತು ನಾತ! ತೊಳೆದ ನೀರು ಒಣಗಲು ದಾರಿಯಿಲ್ಲದೆ ಹಳೇ ತೇಪೆಗಳ ನಡುವೆ ನಿಂತಿತ್ತು. ತುಕ್ಕು, ಮೀನಿನ ಹುರುಪೆ, ಯಾವ ಕಾಲದ್ದೋ ಜಿಡ್ಡು ಎಲ್ಲ ಕಲೆತು ಅಂಬಲಿಯಾಗಿತ್ತು. ಮರದ ಪಟ್ಟಿಗಳ ಅಡಿಯಲ್ಲಿ ಬಿಳಿ ಹುಳುಗಳು ಮಿಜಿಮಿಜಿ ಅನ್ನುತ್ತಿದ್ದವು. ಹೊಸ ಉಕ್ಕಿನ ಬೆನ್ನಿಗೂ ಲೋಳೆ ಮೆತ್ತಿತ್ತು. ಅವಳು ತನ್ನ ಕಡೆಯ ಅಂಚನ್ನು ಧೊಪ್ಪನೆ ಬಿಟ್ಟು, ಚರಂಡಿಯ ಬಳಿ ಓಡಿ ಕೂತು ವಾಂತಿ ಮಾಡಿದಳು.

ಸದ್ದಿಗೆ ಮಾವ ಹೊರಗೆ ಬಂದರು. ಸ್ನಾನ ಮುಗಿಸಿ, ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟಿದ್ದರು. ನೇರ ತೊಟ್ಟಿಯ ಬಳಿ ಹೋಗಿ, ಬಗ್ಗಿ, ಹುಳುಗಳಿಗೆ ಒಂದು ಗೇಣು ಹತ್ತಿರ ಮುಖವಿಟ್ಟು ನೋಡಿದರು. ಮೂಗು ಮುಚ್ಚಲಿಲ್ಲ. ಮುಖವನ್ನೂ ಸಿಂಡರಿಸಲಿಲ್ಲ.

"ಚೆನ್ನಾಗಿ ಕೂತಿತ್ತಲ್ಲೋ, ಯಾಕ್ ಬಿಚ್ಚಿದ್ರಿ?"

"ಸ್ವಲ್ಪ ತುಕ್ಕು ಅಪ್ಪ" ಅಂದ ಮಗ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದಳು. "ತುಕ್ಕಲ್ಲ ಮಾವ, ವಾಸನೆ. ನಿಂತ್ಕೊಳ್ಳೋಕಾಗ್ತಿಲ್ಲ. ನಿಮಗೆ ಬರ್ತಿಲ್ವಾ?"

"ವಾಸನೆನಾ? ಏನೂ ಇಲ್ವಲ್ಲ. ನಾನು ದಿನಾ ಫಿನಾಯಿಲ್ ಹಾಕಿ ತೊಳೀತಿದ್ದೆ."

"ನಿಮಗೆ ಮೂಗೇ ಕೆಲಸ ಮಾಡಲ್ಲ ಮಾವ. ಮನೇಲಿ ಎಲ್ರಿಗೂ ಗೊತ್ತು. ಯಾರೂ ಬಾಯ್ಬಿಡಲ್ಲ, ಅಷ್ಟೇ."

ಮಾವ ಮಗನ ಕಡೆ ತಿರುಗಿದರು. ಮಗ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ, ಒರೆಸುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ.

"ಹೌದೇನೋ?"

ಅವನು ಸ್ಪ್ಯಾನರನ್ನು ಬಟ್ಟೆಯಲ್ಲಿ ಸುತ್ತತೊಡಗಿದ. ಮಾವ ಚಕ್ರದ ಉಬ್ಬಿನ ಮೇಲೆ ಕೈಯೂರಿ ನಿಂತರು.

"ನಿಮ್ಮಮ್ಮ ಆಚೆ ಜಗಲೀಲಿ ಮಲಗ್ತಿದ್ಳು" ಅಂದರು ಮಗನಿಗೆ. "ಯಾಕೆ ಅಂದ್ರೆ ಸೆಕೆ ಅಂತಿದ್ಳು. ಹಲ್ಲು ಕಟಕಟ ಅನ್ನೋ ಚಳೀಲೂ ಸೆಕೆ ಅಂತಿದ್ಳು. ಕೋಪ ಇರ್ಬೇಕು ಅಂದ್ಕೊಂಡು ಸಾಯೋವರೆಗೂ ಅವಳ ಹತ್ರ ನೆಟ್ಟಗೆ ಮಾತಾಡ್ಲಿಲ್ಲ ನಾನು."

ನೊಣಗಳು ಆಗಲೇ ಬಂದು ಸೇರಿದ್ದವು.

"ಕತ್ತರಿಸೋ ಅದನ್ನ" ಅಂದರು ಮಾವ. "ಕೆಳಗಿನ ಕಬ್ಬಿಣದ ಅಡ್ಡಪಟ್ಟಿವರೆಗೂ ಕತ್ತರಿಸಿ ಬಿಸಾಕು. ಹೊಸದನ್ನ ಬಿಸಿನೀರು ಸೋಡಾ ಹಾಕಿ ತಿಕ್ಕು. ನಾಳೆ ಇವಳ ಬ್ರೆಡ್ಡು ಹೋಗ್ಬೇಕು."

ಮಗ ಗ್ರೈಂಡರ್ ತರಲು ಒಳಗೆ ಹೋದ. ಬದುಕಿದೆಯಾ ಬಡಜೀವವೇ ಅನ್ನುವ ಹಾಗಿತ್ತು ಅವನ ನಡಿಗೆ. ಅದನ್ನು ಕಂಡು ಅವಳಿಗೆ ಇನ್ನಷ್ಟು ಅಸಹ್ಯವಾಯಿತು.

ಮಾವ ಅವಳ ಮುಂದೆ ಬಂದು ನಿಂತರು. ಅಂಗಿಯ ತೋಳು ಮಡಚಿ, ಎರಡೂ ಕೈಗಳನ್ನು ಅವಳ ಮುಖದ ಬಳಿಗೆ ಚಾಚಿದರು.

"ನೀನೇ ನೋಡಿ ಹೇಳಮ್ಮ. ಅವನು ಹೇಳಲ್ಲ."

ಅವಳಿಗೆ ಬೇಡವಾಗಿತ್ತು. ಗಂಟಲಿನಲ್ಲಿ ವಾಂತಿಯ ಹುಳಿ ಇನ್ನೂ ಇತ್ತು. ಆದರೂ ಬಗ್ಗಿ ಮೂಸಿದಳು. ಮೊದಲು ಸೋಪು, ಆಮೇಲೆ ತಲೆಗೆ ಹಚ್ಚಿದ ಎಣ್ಣೆ, ಅದರ ಹಿಂದೆಯೇ, ಚರ್ಮದ ಗೆರೆಗೆರೆಯಲ್ಲೂ, ತೊಟ್ಟಿಯ ಅದೇ ನಾತ.

"ಇದೆ ಮಾವ" ಅಂದಳು. "ಸ್ವಲ್ಪ."

ಮಾವ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಸ್ವಲ್ಪ ಅಂತ ಯಾಕಮ್ಮ ಸೇರಿಸ್ದೆ?" ಎಂದು ಕೇಳಿದರು.